ಸವಾಲಿಗೊಂದು ಜವಾಬು

(ಕಲಬುರಗಿಯ ನೆಹರು ಗಂಜಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)

ಅಂಗಡಿಯ ಬಾಗಿಲು ಅರ್ಧ ಎಳೆದು ಬಂದು ಕೂತಿರುವ ವರ್ತಕ ಬಂಧುಗಳೇ, ಹಮಾಲಿ ಅಣ್ಣಂದಿರೇ, ಹಿಂದಿನ ಸಾಲಿನಲ್ಲಿ ಡ್ಯೂಟಿ ಬಟ್ಟೆಯಲ್ಲೇ ಬಂದಿರುವ ನರ್ಸಮ್ಮಂದಿರೇ,

ಈ ದತ್ತಿ ಇಟ್ಟ ಮನೆತನದವರು ನನಗೊಂದು ಷರತ್ತು ಹಾಕಿದ್ದಾರೆ. ಯಾರ ನೆನಪಿಗೆ ಈ ದತ್ತಿಯೋ ಆಕೆಯ ಹೆಸರನ್ನು ಸಭೆಯಲ್ಲಿ ಹೇಳುವಂತಿಲ್ಲ. “ಬದುಕಿದ್ದಾಗ ಆಕಿನ್ನ ಮಂದಿ ಮುಂದ ತರಲಿಲ್ಲ, ಈಗ ಹೆಸರ ತಂದು ಏನ್ಮಾಡೋದದ್ರಿ” ಅಂದರು. ಆ ಮಾತಿನಲ್ಲಿ ನಾಚಿಕೆ ಎಷ್ಟು, ಸಂಕಟ ಎಷ್ಟು ಎಂದು ತೂಗುವ ಕಾಂಟಾ ನನ್ನ ಹತ್ತಿರ ಇಲ್ಲ. ಹೆಸರಿಲ್ಲದ ಆ ಅಕ್ಕನಿಗೆ ನಮಸ್ಕಾರ ಹೇಳಿ ಶುರುಮಾಡುತ್ತೇನೆ.

ಕರೆಯೋಲೆಯಲ್ಲಿ ವಿಷಯವನ್ನು ‘ಸವಾಲಿನ ವರ್ತನೆ ಇರುವವರಿಗೆ ಆರೋಗ್ಯ ಸೇವೆ’ ಎಂದು ಅಚ್ಚು ಹಾಕಿದ್ದಾರೆ. ಸವಾಲು ಎಂಬ ಶಬ್ದ ಗಂಜಿನವರಿಗೆ ಹೊಸದಲ್ಲ. ತೊಗರಿ ರಾಶಿಯ ಸುತ್ತ ನಿಂತು ಖರೀದಿದಾರರು ದರ ಕೂಗುತ್ತಿದ್ದ ಕಾಲದಲ್ಲಿ ಅದೇ ಸವಾಲು. ಈಗ ಆ ಕೂಗು ಕಂಪ್ಯೂಟರಿನ ಹೊಟ್ಟೆಗೆ ಹೋಗಿದೆ, ಯಾರ್ಡು ಮೊದಲಿನಷ್ಟು ಗದ್ದಲ ಮಾಡುವುದಿಲ್ಲ. ಪತ್ರಿಕೆಗಳ ಕನ್ನಡದಲ್ಲಿ ಸವಾಲು ಎಂದರೆ ತೊಡೆ ತಟ್ಟುವುದು, ಎದುರು ನಿಲ್ಲುವುದು. ಆದರೆ ನನ್ನ ತಂದೆಗೆ, ಅಂದರೆ 1948ಕ್ಕೆ ಮೊದಲು ನಿಜಾಮರ ಉರ್ದು ಶಾಲೆಯಲ್ಲಿ ಅಕ್ಷರ ಕಲಿತವರಿಗೆ, ಸವಾಲ್ ಎಂದರೆ ಪ್ರಶ್ನೆ. ಅದರ ಜೋಡಿ ಶಬ್ದ ಜವಾಬ್. ಅವರು ಅಡತ್ ಅಂಗಡಿಯಲ್ಲಿ ಮುನೀಮರಾಗಿದ್ದರು. ಲೆಕ್ಕ ತಾಳೆಯಾಗದಿದ್ದಾಗ ಪುಸ್ತಕದ ಅಂಚಿನಲ್ಲಿ ಉರ್ದುವಿನಲ್ಲಿ ‘ಸವಾಲ್’ ಎಂದು ಬರೆದಿಟ್ಟು, ತಪ್ಪು ಸಿಕ್ಕ ದಿನ ಅದರ ಕೆಳಗೆ ‘ಜವಾಬ್’ ಎಂದು ಬರೆಯುತ್ತಿದ್ದರು.

ಇಡೀ ಉಪನ್ಯಾಸವನ್ನು ಪ್ರಶ್ನೆ ಎಂಬ ಈ ಅರ್ಥದ ಮೇಲೆಯೇ ನಿಲ್ಲಿಸುವ ಯೋಚನೆ ನನ್ನದು. ತಲೆ ಗೋಡೆಗೆ ಚಚ್ಚಿಕೊಳ್ಳುವ ಹುಡುಗ, ಕೈ ಕಚ್ಚುವ ಹುಡುಗಿ, ಬಟ್ಟೆ ಹರಿದು ಓಡುವವ, ತಾಟು ಎಸೆಯುವವ, ಇವರು ಯಾರೂ ನಮ್ಮ ಎದುರು ತೊಡೆ ತಟ್ಟುತ್ತಿಲ್ಲ. ಏನೋ ಕೇಳುತ್ತಿದ್ದಾರೆ. ಬಾಯಿಯಲ್ಲಿ ಬಾರದ್ದನ್ನು ಕೈಕಾಲಿನಲ್ಲಿ ಕೇಳುತ್ತಿದ್ದಾರೆ.

‘ಸವಾಲಿನ ವರ್ತನೆ’ ಎಂಬ ಪದಪ್ರಯೋಗ ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ಬಳಕೆಗೆ ಬಂದಾಗಲೂ ಉದ್ದೇಶ ಹೆಚ್ಚುಕಡಿಮೆ ಇದೇ ಆಗಿತ್ತು. ‘ಈತ ದುಷ್ಟ’, ‘ಈಕೆ ಹಟಮಾರಿ’ ಎಂದು ಮನುಷ್ಯನಿಗೆ ಹಣೆಪಟ್ಟಿ ಹಚ್ಚುವ ಬದಲು, ಸವಾಲು ಇರುವುದು ಸೇವೆ ಕೊಡುವವರಿಗೆ ಎಂದು ತೋರಿಸುವುದು. ಎರಿಕ್ ಎಮರ್ಸನ್ ಎಂಬ ಸಂಶೋಧಕ 1995ರಲ್ಲಿ ಇದಕ್ಕೊಂದು ವ್ಯಾಖ್ಯೆ ಕೊಟ್ಟ. ಅದರ ಮೊದಲ ಭಾಗ ಎಲ್ಲರಿಗೂ ತಿಳಿಯುವಂಥದ್ದು: ತನ್ನ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ತರುವಷ್ಟು ಜೋರಿನ, ಪದೇ ಪದೇ ಮರುಕಳಿಸುವ ವರ್ತನೆ. ಎರಡನೆಯ ಭಾಗ ನನ್ನಂಥವನನ್ನು ಚುಚ್ಚುತ್ತದೆ. ಊರಿನ ಎಲ್ಲರಿಗೂ ಸಿಗುವ ಸಾಮಾನ್ಯ ಸೌಕರ್ಯಗಳ ಬಾಗಿಲು ಆ ಮನುಷ್ಯನಿಗೆ ಮುಚ್ಚಿಹೋಗುವಂತೆ ಮಾಡುವ ವರ್ತನೆ ಎಂದು ಅದು ಹೇಳುತ್ತದೆ. ದವಾಖಾನೆಯೂ ಅಂಥದೊಂದು ಬಾಗಿಲು. ಅಂದರೆ ಯಾವ ನೋವಿಗೆ ಡಾಕ್ಟರು ಬೇಕೋ, ಆ ನೋವೇ ಡಾಕ್ಟರ ಬಾಗಿಲನ್ನು ಮುಚ್ಚಿಸುತ್ತದೆ.

ನಾನು ಮನೋವೈದ್ಯನಲ್ಲ. ಸರ್ಕಾರಿ ದವಾಖಾನೆಗಳಲ್ಲಿ ಸಾಮಾನ್ಯ ವೈದ್ಯನಾಗಿ ದುಡಿದು ನಿವೃತ್ತನಾದವನು. ಇಲ್ಲಿಗೆ ನನ್ನನ್ನು ಕರೆದದ್ದು ಡಿಗ್ರಿ ನೋಡಿ ಅಲ್ಲ, ನನ್ನ ತಮ್ಮನನ್ನು ನೋಡಿ. ಗಂಜಿನ ಹಳಬರಿಗೆ ಅವನ ಗುರುತಿದೆ. ಹುಟ್ಟುವಾಗಲೇ ಉಸಿರು ಕಟ್ಟಿದ ಕೂಸು. ಫಿಟ್ಸು ಬೇಗ ಬಂತು, ಮಾತು ಬರಲೇ ಇಲ್ಲ. ಒಂದಿಪ್ಪತ್ತು ಶಬ್ದಗಳಷ್ಟೇ ಬಂದವು, ಅವೂ ಅಂಗಡಿಯ ಶಬ್ದಗಳು. ಬೆಳಿಗ್ಗೆ ಅಪ್ಪನ ಕೈ ಹಿಡಿದು ಅಂಗಡಿಗೆ ಬಂದು, ಕಾಂಟಾದ ಬದಿಗೆ ಖಾಲಿ ಗೋಣಿಚೀಲದ ಮೇಲೆ ಕೂತರೆ ಸಂಜೆತನಕ ಏಳುತ್ತಿರಲಿಲ್ಲ. ಹಮಾಲರು ಎಣಿಸುವ ರಾಗ ಅವನಿಗೆ ಬಲು ಇಷ್ಟ. ಹಳೆಯ ಪದ್ಧತಿಯಲ್ಲಿ ಅಳತೆ ಶುರುಮಾಡುವಾಗ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು. ನನ್ನ ತಮ್ಮನ ಲೋಕದಲ್ಲಿ ಒಂದು ಎಂಬ ಸಂಖ್ಯೆಯೇ ಇಲ್ಲ. ಒಂದು ರೊಟ್ಟಿ ಬೇಕಾದರೂ ಬೆರಳೆತ್ತಿ ‘ಲಾಭ’ ಅನ್ನುತ್ತಾನೆ.

ಅಪ್ಪ ತೀರಿಕೊಂಡರು. ಅಂಗಡಿ ಬೇರೆಯವರಿಗೆ ಹೋಯಿತು. ತಮ್ಮ ನನ್ನ ಮನೆಗೆ ಬಂದ. ಎರಡು ವರ್ಷ ಚೆನ್ನಾಗಿದ್ದ, ಆಮೇಲೆ ಉಣ್ಣುವ ಹೊತ್ತಿಗೆ ತಾಟು ಎಸೆಯತೊಡಗಿದ. ಮುಂಗೈ ಕಚ್ಚಿಕೊಂಡು ಗಾಯ ಮಾಡಿಕೊಂಡ. ರಾತ್ರಿ ಎದ್ದು ಹಣೆಯನ್ನು ಬಾಗಿಲಿಗೆ ಬಡಿಯುತ್ತಿದ್ದ. ಬಿಡಿಸಲು ಹೋದ ನನ್ನ ಹೆಂಡತಿಯ ಮಣಿಕಟ್ಟು ಉಳುಕಿತು. ಅಪ್ಪ ಹೋದ ದುಃಖ, ಅಂಗಡಿ ತಪ್ಪಿದ ಬೇಸರ, ವಯಸ್ಸಿನ ಹಟ, ನಾನು ಹೀಗೆಲ್ಲ ಕಾರಣ ಕಟ್ಟಿದೆ. ಒಂದೂ ಸುಳ್ಳಲ್ಲ. ಆದರೆ ಮಾಡಿದ್ದೇನು? ಹ್ಯಾಲೊಪೆರಿಡಾಲ್ ಶುರುಮಾಡಿಸಿದೆ. ಅದರ ಅಡ್ಡಪರಿಣಾಮ ತಡೆಯಲು ಟ್ರೈಹೆಕ್ಸಿಫೆನಿಡಿಲ್ ಜೋಡಿಸಿದೆ. ಕಡಿಮೆಯಾಗಲಿಲ್ಲ, ಡೋಸು ಏರಿಸಿದೆ. ಐದು ತಿಂಗಳು ಹೀಗೇ ನಡೆಯಿತು.

ಜವಾಬು ಕೊಟ್ಟವಳು ನಮ್ಮ ಮನೆಯ ಕಸಮುಸುರಿ ನೋಡಿಕೊಳ್ಳುತ್ತಿದ್ದ ಯವ್ವ. “ಸಾಹೇಬ್ರ, ತಮ್ಮಗೋಳು ಚರಗಿ ತೊಗೊಂಡು ಹೋಗಿ ಎಂಟು ದಿನ ಆತ್ರಿ, ನಿಮಗೇನ್ ಗೊತ್ತದನೋ ಇಲ್ಲೋ” ಅಂದಳು. ನಾನು ಅವತ್ತು ಅವನ ಹೊಟ್ಟೆಯ ಮೇಲೆ ಕೈ ಇಟ್ಟೆ. ಸಾವಿರಾರು ಹೊಟ್ಟೆ ಮುಟ್ಟಿ ನೋಡಿದ ಕೈ ಅದು, ಸ್ವಂತ ತಮ್ಮನ ಹೊಟ್ಟೆಯನ್ನು ಐದು ತಿಂಗಳು ಮುಟ್ಟಿರಲಿಲ್ಲ. ಕಲ್ಲಿನ ಹಾಗೆ ಗಟ್ಟಿ ಇತ್ತು. ಉಂಡಾಗ ಹೊಟ್ಟೆ ಹಿಂಡುತ್ತಿತ್ತು, ಅದಕ್ಕೇ ತಾಟು ಎಸೆಯುತ್ತಿದ್ದ. ಇನ್ನೊಂದು ಮಾತು. ಟ್ರೈಹೆಕ್ಸಿಫೆನಿಡಿಲ್ ಬಾಯಿ ಒಣಗಿಸುತ್ತದೆ, ಕರುಳನ್ನು ಮಂದ ಮಾಡುತ್ತದೆ, ಮಲ ಕಟ್ಟಿಸುತ್ತದೆ. ಇದು ಎರಡನೆಯ ವರ್ಷದ ವೈದ್ಯ ವಿದ್ಯಾರ್ಥಿಗೂ ಗೊತ್ತು. ಬೆಂಕಿ ಆರಿಸಲು ಹೋದವನೇ ಸೀಮೆಎಣ್ಣೆ ಸುರಿಯುತ್ತಿದ್ದೆ. ಎನಿಮಾ, ಔಷಧದ ಬದಲಾವಣೆ, ನೀರು, ನಾರು ಇರುವ ಊಟ, ಇಷ್ಟಾದ ಮೇಲೆ ಎರಡು ವಾರದೊಳಗೆ ತಾಟು ತಾಟಿನ ಜಾಗದಲ್ಲೇ ಉಳಿಯಿತು.

ವೈದ್ಯಶಾಸ್ತ್ರ ಈ ತಪ್ಪಿಗೆ 1982ರಲ್ಲೇ ಹೆಸರಿಟ್ಟಿದೆ. ಅಮೆರಿಕದ ಸ್ಟೀವನ್ ರೀಸ್ ಮತ್ತು ಸಂಗಡಿಗರು ಅದನ್ನು ರೋಗನಿದಾನದ ಮೇಲೆ ನೆರಳು ಕವಿಯುವುದು ಎಂದು ಕರೆದರು. ನಾನು ಗ್ರಹಣ ಎನ್ನುತ್ತೇನೆ. ‘ಬುದ್ಧಿಮಾಂದ್ಯ’ ಎಂಬ ಒಂದು ಶಬ್ದ ಕೇಸ್ ಪೇಪರಿನ ಮೇಲೆ ಬಿದ್ದರೆ ಸಾಕು, ಹಲ್ಲು, ಕಿವಿ, ಹೊಟ್ಟೆ, ಮೂತ್ರದ ಸೋಂಕು, ಥೈರಾಯ್ಡು ಎಲ್ಲವೂ ಅದರ ಹಿಂದೆ ಮರೆಯಾಗುತ್ತವೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕುಂದುವುದು, ಕಿವಿ ಮಂದವಾಗುವುದು ಸಾಮಾನ್ಯ. ಕರೆದರೆ ಓಗೊಡದವನನ್ನು ಹಟಮಾರಿ ಎನ್ನುತ್ತೇವೆ, ಕಿವಿ ನೋಡುವುದಿಲ್ಲ. ಇಂಗ್ಲೆಂಡಿನಲ್ಲಿ ಬೌದ್ಧಿಕ ಅಸಾಮರ್ಥ್ಯ ಇರುವವರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸುವ ವ್ಯವಸ್ಥೆ ಇದೆ. ಅವರು ಉಳಿದವರಿಗಿಂತ ಸುಮಾರು 20 ವರ್ಷ ಮೊದಲೇ ಸಾಯುತ್ತಾರೆಂದು ಆ ವರದಿಗಳು ಹೇಳುತ್ತವೆ. ತಡೆಯಬಹುದಾಗಿದ್ದ ಕಾರಣಗಳಲ್ಲಿ ಮಲಬದ್ಧತೆಯೂ ಇದೆ. ಅದನ್ನು ಮೊದಲ ಸಲ ಓದಿದ ದಿನ ನಾನು ಮನೆಯಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ.

ಮಾತ್ರೆಗಳ ವಿಚಾರವನ್ನು ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ಸಭೆಯಲ್ಲಿ ಔಷಧದ ಅಂಗಡಿಯವರೂ ಇದ್ದೀರಿ. ಹ್ಯಾಲೊಪೆರಿಡಾಲ್‌ನಂಥ ಮಾತ್ರೆಗಳಿಂದ ಕೆಲವರಿಗೆ ಒಳಗಿನಿಂದ ಕೂತಲ್ಲಿ ಕೂಡಲಾರದ ಚಡಪಡಿಕೆ ಹುಟ್ಟುತ್ತದೆ. ವೈದ್ಯರ ಭಾಷೆಯಲ್ಲಿ ಅಕಥೀಸಿಯಾ. ಮಾತು ಬಲ್ಲವನಾದರೆ “ಕಾಲಾಗ ಇರಿವಿ ಹರದಂಗ ಆಗ್ಲತದ” ಅಂದಾನು. ಮಾತಿಲ್ಲದವ ಎದ್ದು ಓಡಾಡುತ್ತಾನೆ, ತಳ್ಳುತ್ತಾನೆ. ನೋಡಿದವರು ಹುಚ್ಚು ಹೆಚ್ಚಾಯಿತೆಂದು ಇನ್ನೊಂದು ಮಾತ್ರೆ ಕೊಡುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಫಿಟ್ಸಿಗೆ ಅಗ್ಗವಾಗಿ ಸಿಗುವ ಫಿನೊಬಾರ್ಬಿಟೋನ್ ಕೆಲವು ಮಕ್ಕಳನ್ನು ಹುಚ್ಚು ಕುದುರೆಯ ಹಾಗೆ ಓಡಿಸುತ್ತದೆ. ಹೊಸ ಮಾತ್ರೆ ಲೆವೆಟಿರಾಸೆಟಮ್ ಕೆಲವರಲ್ಲಿ ಸಿಟ್ಟು ತರುತ್ತದೆ. ಇವು ಕೆಟ್ಟ ಮಾತ್ರೆಗಳೆಂದು ನಾನು ಹೇಳುತ್ತಿಲ್ಲ, ಫಿಟ್ಸಿನ ಮಾತ್ರೆಯನ್ನು ದಯವಿಟ್ಟು ಯಾರೂ ತಾವಾಗಿ ನಿಲ್ಲಿಸಬೇಡಿ, ಜೀವಕ್ಕೆ ಅಪಾಯ. ವರ್ತನೆ ಬದಲಾದ ತಾರೀಕು, ಮಾತ್ರೆ ಬದಲಾದ ತಾರೀಕು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಎಂದಷ್ಟೇ ಹೇಳುತ್ತಿದ್ದೇನೆ. ಮುನೀಮರ ಕೆಲಸ ಅದು, ವೈದ್ಯರದ್ದೂ ಹೌದು.

2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪೀಟರ್ ಟೈರರ್ ಮತ್ತು ಸಂಗಡಿಗರ ಪ್ರಯೋಗವೊಂದು ಪ್ರಕಟವಾಯಿತು. ಬೌದ್ಧಿಕ ಅಸಾಮರ್ಥ್ಯ ಇದ್ದು ಆಕ್ರಮಣಕಾರಿಯಾಗಿ ವರ್ತಿಸುತ್ತಿದ್ದ 86 ಮಂದಿ. ಕೆಲವರಿಗೆ ಹ್ಯಾಲೊಪೆರಿಡಾಲ್, ಕೆಲವರಿಗೆ ರಿಸ್ಪೆರಿಡೋನ್, ಕೆಲವರಿಗೆ ಔಷಧವೇ ಇಲ್ಲದ ಹುಸಿ ಮಾತ್ರೆ. ನಾಲ್ಕು ವಾರದ ಕೊನೆಗೆ ಮೂರೂ ಗುಂಪುಗಳಲ್ಲಿ ಆಕ್ರಮಣ ಇಳಿದಿತ್ತು. ಹೆಚ್ಚು ಇಳಿದದ್ದು ಹುಸಿ ಮಾತ್ರೆಯವರಲ್ಲಿ: ಶೇ 79. ಹ್ಯಾಲೊಪೆರಿಡಾಲಿನವರಲ್ಲಿ ಶೇ 65, ರಿಸ್ಪೆರಿಡೋನಿನವರಲ್ಲಿ ಶೇ 58. ಹಾಗಾದರೆ ಮಾತ್ರೆ ಎಲ್ಲವೂ ಸುಳ್ಳೇ? ಅಲ್ಲ. ಜೊತೆಗೆ ನಿಜವಾದ ಮನೋರೋಗ ಇದ್ದವರನ್ನು ಆ ಪ್ರಯೋಗದಿಂದ ಹೊರಗಿಟ್ಟಿದ್ದರು, ಅಂಥವರಿಗೆ ಔಷಧ ಬೇಕೇ ಬೇಕು. ನನ್ನ ಊಹೆ ಇಷ್ಟು: ಪ್ರಯೋಗದ ನೆಪದಲ್ಲಿ ಯಾರೋ ಬಂದರು, ಕೂತರು, ದಿನ ಹೇಗಿತ್ತೆಂದು ಕೇಳಿ ಬರೆದುಕೊಂಡರು. ಅಷ್ಟರಿಂದಲೇ ಆ ಮನೆಗಳಲ್ಲಿ ಏನೋ ಸಡಿಲಾಗಿರಬೇಕು.

ಇಲ್ಲೊಂದು ಎಚ್ಚರಿಕೆ. ಎಲ್ಲ ರಂಪಕ್ಕೂ ನೋವೇ ಕಾರಣ ಎಂದು ನಾನು ಹೇಳಿದರೆ ಇನ್ನೊಬ್ಬ ಮಂತ್ರವಾದಿ ಆದೇನು. ಭಯ ಇರುತ್ತದೆ. ಆಟಿಸಂ ಇರುವವರಿಗೆ ಟ್ಯೂಬ್‌ಲೈಟಿನ ಗುಂಯ್ ಶಬ್ದವೂ ಹಿಂಸೆಯಾಗಬಹುದು. ಬೇಸರ ಇರುತ್ತದೆ. ಚೀರಿದರೆ ಬಿಸ್ಕಿಟು ಸಿಗುತ್ತದೆಂದು ನಾವೇ ಕಲಿಸಿಕೊಟ್ಟದ್ದೂ ಇರುತ್ತದೆ. ಆದರೆ ಹುಡುಕುವ ಸರದಿಯಲ್ಲಿ ದೇಹದ ನೋವು ಮೊದಲಿರಲಿ. ಅದನ್ನು ತಪ್ಪಿಸಿಕೊಂಡರೆ ಆಗುವ ನಷ್ಟ ಎಲ್ಲಕ್ಕಿಂತ ದೊಡ್ಡದು, ಹುಡುಕುವ ಖರ್ಚು ಎಲ್ಲಕ್ಕಿಂತ ಸಣ್ಣದು.

ಹುಮನಾಬಾದ ರಸ್ತೆಯ ಕಮಲಾಪುರ ನಿಮಗೆಲ್ಲ ಕೆಂಪು ಬಾಳೆಹಣ್ಣಿನಿಂದ ಗೊತ್ತು. ಆ ಕಡೆಯ ಒಂದು ಹಳ್ಳಿಯಿಂದ ತಾಯಿಯೊಬ್ಬಳು ಹತ್ತೊಂಬತ್ತರ ಮಗಳನ್ನು ಕರೆತಂದಳು. ತಿಂಗಳಲ್ಲಿ ನಾಲ್ಕೈದು ದಿನ ಆ ಹುಡುಗಿ ಪಾತ್ರೆ ಒಡೆಯುತ್ತಾಳೆ, ತನ್ನ ಕೂದಲು ಕಿತ್ತುಕೊಳ್ಳುತ್ತಾಳೆ, ನೆಲಕ್ಕೆ ಉರುಳುತ್ತಾಳೆ. “ಅಮಾಸಿಗಿ ಬರ್ತದ್ರಿ” ಅಂದಳು ತಾಯಿ. ಬಸ್ಸಿನಲ್ಲಿ ಕಂಡಕ್ಟರು ಎರಡು ಸಲ ಇಳಿಸಿದ್ದನಂತೆ. ನಾನು ಅಮಾವಾಸ್ಯೆಯ ಬಗ್ಗೆ ವಾದಕ್ಕಿಳಿಯಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ರಂಪದ ದಿನಕ್ಕೆ ಕುಂಕುಮದ ಬೊಟ್ಟು, ಮುಟ್ಟಿನ ದಿನಕ್ಕೆ ಅರಿಷಿಣದ ಬೊಟ್ಟು ಇಡು ತಾಯಿ ಎಂದೆ. ಮೂರು ತಿಂಗಳ ಹಾಳೆ ಬಂತು. ಕೆಂಪು, ಹಳದಿ ಜೊತೆಜೊತೆಯಾಗಿ ಇದ್ದವು. ಅಮಾವಾಸ್ಯೆ ಒಂದು ಸಲ ಮಾತ್ರ ಹತ್ತಿರ ಬಂದಿತ್ತು. ಓದು ಬಾರದ ಆ ತಾಯಿ ನಾನು ಬಾಯಿ ತೆರೆಯುವ ಮೊದಲೇ ಹಾಳೆ ನೋಡಿ, “ಹೊಟ್ಟಿ ನೋಯ್ತಿತ್ತೇನವ್ವ ನಿಂಗ” ಎಂದು ಮಗಳ ಕಡೆ ತಿರುಗಿದಳು. ಮುಟ್ಟಿಗೆ ಎರಡು ದಿನ ಮೊದಲು ಶುರುಮಾಡುವ ಸಾದಾ ನೋವಿನ ಮಾತ್ರೆ, ಬಿಸಿನೀರಿನ ಶಾಖ. ಪೂರ್ತಿ ಹೋಗಲಿಲ್ಲ. ಪಾತ್ರೆ ಒಡೆಯುವುದು ನಿಂತಿತು.

ಇಂಥ ಹೆಣ್ಣುಮಕ್ಕಳಿಗೆ ‘ಸುಲಭದ’ ಪರಿಹಾರ ಇನ್ನೊಂದಿದೆ ಎಂದು ಕಿವಿಯಲ್ಲಿ ಹೇಳುವವರು ಈಗಲೂ ಇದ್ದಾರೆ, ಗರ್ಭಕೋಶ ತೆಗೆಸಿಬಿಡಿ ಎಂದು. 1994ರಲ್ಲಿ ಪುಣೆಯಲ್ಲಿ ಶಿರೂರಿನ ಸರ್ಕಾರಿ ವಸತಿಗೃಹದ ಬುದ್ಧಿಮಾಂದ್ಯ ಹುಡುಗಿಯರಿಗೆ ಹೀಗೆ ಶಸ್ತ್ರಚಿಕಿತ್ಸೆ ಮಾಡಿದಾಗ ದೇಶವೇ ತಲೆ ತಗ್ಗಿಸಿತು. ನಮ್ಮದೇ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳು ಬೇಡದ ಗರ್ಭಕೋಶದ ಆಪರೇಷನ್‌ಗಳ ವಿರುದ್ಧ ಬೀದಿಗಿಳಿದು ಕೂಗಿದ್ದನ್ನು ನೀವೆಲ್ಲ ನೋಡಿದ್ದೀರಿ. ಮಾತು ಬಲ್ಲ ಹೆಂಗಸರಿಗೇ ಹಾಗಾದರೆ ಬಾಯಿಲ್ಲದವರ ಗತಿ ಏನು?

ಗಾಣಗಾಪುರದ ಮಾತು ಎತ್ತದೆ ಈ ಜಿಲ್ಲೆಯಲ್ಲಿ ಈ ವಿಷಯ ಮಾತಾಡಲಾಗದು. ಭೀಮಾ ಅಮರಜಾ ಸಂಗಮದ ಆ ಕ್ಷೇತ್ರಕ್ಕೆ ಮೂರು ರಾಜ್ಯಗಳಿಂದ ಜನ ಬರುತ್ತಾರೆ. ಮಹಾಮಂಗಳಾರತಿಯ ಗಂಟೆಗೆ ಕಂಬ ಹಿಡಿದು ಕೂಗುವವರನ್ನು ನಾನೂ ನೋಡಿದ್ದೇನೆ. ನಗುವ ಜಾತಿಯವನಲ್ಲ ನಾನು. ಅಲ್ಲಿ ಚೀರಿದರೆ ಯಾರೂ “ಹೊರಗ ಕರ್ಕೊಂಡು ಹೋಗ್ರಿ” ಅನ್ನುವುದಿಲ್ಲ. ಮನೆಯವರು ಜೊತೆಗೆ ಇರುತ್ತಾರೆ. ದಿನ ಹಿಡಿಯುತ್ತದೆಂದು ಎಲ್ಲರಿಗೂ ಗೊತ್ತು, ಯಾರಿಗೂ ಗಡಿಬಿಡಿ ಇಲ್ಲ. ಈ ಮೂರರಲ್ಲಿ ಒಂದಾದರೂ ನಮ್ಮ ಹೊರರೋಗಿ ವಿಭಾಗದಲ್ಲಿ ಇದೆಯೇ? ಆದರೆ ದೇವರ ಹೆಸರಿನಲ್ಲಿ ಸರಪಳಿ ಬಂದಾಗ ನಾನು ಸುಮ್ಮನಿರಲಾರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿ ನಡೆಯುತ್ತಿದ್ದ ಖಾಸಗಿ ವಸತಿಯ ಚಪ್ಪರಕ್ಕೆ ಬೆಂಕಿ ಬಿತ್ತು. 28 ಜನ ಸತ್ತರು. ಸರಪಳಿ ಬಿಗಿದಿತ್ತು, ಓಡಲಾಗಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಯಾವ ರೂಪದಲ್ಲಿಯೂ ನಿಷೇಧಿಸಿದೆ. ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನೂ ನಿಷೇಧಿಸಿದೆ. ಮೈ ಹಿಡಿದಿಡುವುದು ಕಣ್ಣೆದುರಿನ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಬೇಕಾದಷ್ಟು ಹೊತ್ತು ಮಾತ್ರ, ಮನೋವೈದ್ಯರ ಒಪ್ಪಿಗೆಯಿಂದ, ಕಾರಣ ಬರೆದಿಟ್ಟು. ಅದೇ ಕಲಮಿನಲ್ಲಿ ನನಗೆ ಬಹಳ ಹಿಡಿಸಿದ ಮಾತೊಂದಿದೆ: ಸಿಬ್ಬಂದಿ ಕಡಿಮೆ ಇದ್ದಾರೆ ಎಂಬ ಕಾರಣಕ್ಕೆ ಕಟ್ಟಿಹಾಕುವಂತಿಲ್ಲ. ಇದನ್ನು ಬರೆದವರು ಯಾವುದೋ ವಾರ್ಡಿನಲ್ಲಿ ರಾತ್ರಿ ಕಳೆದಿರಬೇಕು.

ಕಾಯ್ದೆ ಇಷ್ಟು ಒಳ್ಳೆಯದಾದರೆ ತೊಡಕೇನು? ನನ್ನ ತಮ್ಮನಂಥವರು ಎರಡು ಕೌಂಟರುಗಳ ನಡುವೆ ಬೀಳುತ್ತಾರೆ. 2017ರ ಕಾಯ್ದೆ ಕೊಡುವ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಬೌದ್ಧಿಕ ಬೆಳವಣಿಗೆ ಕುಂಠಿತವಾದದ್ದು ಸೇರುವುದಿಲ್ಲ. ಅದು ಸೇರುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಗೆ, ಅಲ್ಲಿ ಗುರುತಿಸಿದ 21 ಬಗೆಗಳಲ್ಲಿ ಒಂದಾಗಿ. ವ್ಯಾಖ್ಯೆ ತಪ್ಪಲ್ಲ, ಬೌದ್ಧಿಕ ಅಸಾಮರ್ಥ್ಯ ರೋಗವಲ್ಲ. ಆದರೆ ಕಿಟಕಿಯ ಹಿಂದೆ ಕೂತ ಮನುಷ್ಯ ವ್ಯಾಖ್ಯೆಯನ್ನು ಓದುವ ರೀತಿ ಬೇರೆ. ಮಾನಸಿಕ ವಿಭಾಗದಲ್ಲಿ, “ಇದು ಹುಟ್ಟಿನಿಂದ ಬಂದದ್ದು, ನಮ್ ಕಡಿ ಬರಲ್ಲ.” ಅಂಗವಿಕಲರ ಕಡೆ, “ಹೊಡಿತಾನ ಅಂದ್ರ ಮಾನಸಿಕದವರಿಗೆ ತೋರಸ್ರಿ.” ಹಲ್ಲಿನ ಕಡೆ, “ಹಿಡ್ಕೊಂಡ್ ಕೂಡೋರು ನಾಲ್ಕ ಮಂದಿ ಬೇಕು.” ಹದಿನೆಂಟರ ತನಕ ಜಿಲ್ಲಾ ಮಟ್ಟದಲ್ಲಿ ಮಕ್ಕಳ ಶೀಘ್ರ ಪತ್ತೆ ಕೇಂದ್ರ ಎಂಬುದೊಂದು ಇದೆ. ಹದಿನೆಂಟು ತುಂಬಿದ ಮರುದಿನದಿಂದ ಅದೂ ಇಲ್ಲ. ಆಮೇಲೆ ನಮ್ಮ ಜನ ಸೋಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಾರೆ. ಸಿಕಂದರಾಬಾದಿನಲ್ಲಿ 1984ರಿಂದ ಬೌದ್ಧಿಕ ಅಸಾಮರ್ಥ್ಯಕ್ಕೆಂದೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಂಸ್ಥೆ ಇದೆ. ಬೆಂಗಳೂರಿನ ನಿಮ್ಹಾನ್ಸಿಗೆ ಹೋಗುವವರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುತ್ತಾರೆ. ಜನರಲ್ ಬೋಗಿಯಲ್ಲಿ, ಚೀರುವ ಮಗನನ್ನು ಕಾಲ ಸಂದಿಯಲ್ಲಿ ಕೂರಿಸಿಕೊಂಡು ಆ ಪಯಣ ಮಾಡಿದ ತಂದೆಯೊಬ್ಬರು ಈ ಸಭೆಯಲ್ಲೇ ಇದ್ದಾರೆ. ಅವರ ಕಡೆ ನೋಡಬೇಡಿ.

ಸಮಾಧಾನದ ಸಂಗತಿ ಎಂದರೆ, ಜಿಲ್ಲೆಯಲ್ಲೇ ಚಿಕಿತ್ಸೆ ಸಿಗಬೇಕೆಂಬ ವಿಚಾರ ಬೆಳೆದದ್ದೇ ನಮ್ಮ ಕಲ್ಯಾಣ ಕರ್ನಾಟಕದಲ್ಲಿ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ‘ಬಳ್ಳಾರಿ ಮಾದರಿ’ ಎಂದು ದೆಹಲಿಯ ಕಡತಗಳು ಇವತ್ತಿಗೂ ಹೇಳುತ್ತವೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಇದೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಇದೆ, 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ ಇದೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಸಾಮರ್ಥ್ಯ ಇರುವವರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ, ಮುಂಗಡ ವೈದ್ಯಕೀಯ ತಪಾಸಣೆ ಇಲ್ಲದೆ. ಗಂಜಿನಲ್ಲಿ ಎಷ್ಟು ಮನೆಗಳಿಗೆ ಇದು ಗೊತ್ತು? ಕೈ ಎತ್ತಲು ಹೇಳುವುದಿಲ್ಲ.

ಇನ್ನು ದವಾಖಾನೆಯೊಳಗೆ ಏನು ಮಾಡಬಹುದು? ಜನ ಕೇಳುವುದು ಯಂತ್ರ, ಕಟ್ಟಡ. ನಾನು ಕೇಳುವುದು ಅಗ್ಗದ ವಸ್ತು. ಇವರನ್ನು ಸರದಿಯಲ್ಲಿ ನಿಲ್ಲಿಸಬೇಡಿ. ಮೇ ತಿಂಗಳ ಕಲಬುರಗಿಯಲ್ಲಿ ಸಾಲಿನಲ್ಲಿ ಎರಡು ತಾಸು ನಿಂತರೆ ನಾನೂ ಯಾರನ್ನಾದರೂ ಕಚ್ಚಿಯೇನು. ಆದ್ಯತೆಯ ಮೇಲೆ ನೋಡಬೇಕೆಂದು 2016ರ ಕಾಯ್ದೆಯ 25ನೆಯ ಕಲಮೇ ಹೇಳುತ್ತದೆ, ಇದು ದಯೆಯ ಮಾತಲ್ಲ. ಬೆಳಗಿನ ಮೊದಲ ಅರ್ಧ ತಾಸು ಕೊಡಿ, ಒಂದು ಸದ್ದಿಲ್ಲದ ಮೂಲೆ ಕೊಡಿ. ಜೊತೆಗೆ ಬಂದವರನ್ನು ಹೊರಗೆ ಕಳಿಸಬೇಡಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಯ ಮನೆಯವರನ್ನೇ ಒಳಗೆ ಕರೆದುಕೊಂಡರು. ಹಾಸಿಗೆ ಕೊರತೆಗೆ ಹುಡುಕಿದ ಉಪಾಯ ಅದು, ಚಿಕಿತ್ಸೆಯ ಭಾಗವೇ ಆಯಿತು. ಮೊದಲು ತರಬೇತಿ ಬೇಕಾದ್ದು ಪ್ರೊಫೆಸರಿಗಲ್ಲ, ಗೇಟಿನ ಸಿಪಾಯಿಗೆ, ಆಯಾಗೆ, ಚೀಟಿ ಬರೆಯುವವನಿಗೆ. ರೋಗಿ ಕೆರಳುವುದೋ ತಣ್ಣಗಾಗುವುದೋ ಆ ಮೂವರ ಹತ್ತಿರವೇ ತೀರ್ಮಾನವಾಗಿಬಿಡುತ್ತದೆ. ತಿಂಗಳಿಗೊಮ್ಮೆ ಅರಿವಳಿಕೆ ತಜ್ಞರನ್ನು ಇಟ್ಟುಕೊಂಡು ಇವರ ಹಲ್ಲು ನೋಡುವ ದಿನ ಇರಲಿ, ಅದೇ ಹೊತ್ತಿನಲ್ಲಿ ರಕ್ತ, ಕಿವಿ, ಕಣ್ಣು ಎಲ್ಲ ಮುಗಿಸಿಕೊಳ್ಳಿ. ಸಿಬ್ಬಂದಿಗೂ ಪೆಟ್ಟಾಗುತ್ತದೆ, ಕಚ್ಚಿಸಿಕೊಂಡ ನರ್ಸಮ್ಮ ಮರುದಿನ ಅದೇ ವಾರ್ಡಿಗೆ ಬರಬೇಕು. ಆಕೆಯ ಗಾಯಕ್ಕೂ ರಜೆ, ಮಾತು, ಬೆಂಬಲ ಬೇಕು. ಆಕೆಯನ್ನು ದೂರಿ ಈ ಕೆಲಸ ಆಗುವುದಿಲ್ಲ.

ಹಣ ಇರುವಲ್ಲಿ ಇದೆಲ್ಲ ಸರಿ ಇರುತ್ತದೆಂದು ತಿಳಿಯಬೇಡಿ. ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಇಂಥವರನ್ನು ಸಿಬ್ಬಂದಿಯೇ ಹೊಡೆಯುತ್ತಿದ್ದುದನ್ನು 2011ರಲ್ಲಿ ಬಿಬಿಸಿ ಗುಪ್ತ ಕ್ಯಾಮೆರಾದಲ್ಲಿ ತೋರಿಸಿತು, 11 ಮಂದಿಗೆ ಶಿಕ್ಷೆಯಾಯಿತು. ಅದೇ ಬ್ರಿಸ್ಟಲ್‌ನಲ್ಲಿ 2016ರಲ್ಲಿ ಆಲಿವರ್ ಮೆಗೋವನ್ ಎಂಬ ಹದಿನೆಂಟರ ಹುಡುಗ, ತಾನೂ ತಂದೆತಾಯಿಯೂ ಬೇಡವೆಂದು ಹೇಳಿದ ಬಗೆಯ ಔಷಧವನ್ನೇ ಕೊಟ್ಟ ನಂತರ ತೀರಿಕೊಂಡ. ಅವನ ತಾಯಿಯ ಹೋರಾಟದಿಂದ 2022ರಲ್ಲಿ ಅಲ್ಲಿನ ಕಾನೂನು ಬದಲಾಯಿತು. ಆಟಿಸಂ, ಬೌದ್ಧಿಕ ಅಸಾಮರ್ಥ್ಯದ ತರಬೇತಿ ಇಂಗ್ಲೆಂಡಿನ ಆರೋಗ್ಯ ಸಿಬ್ಬಂದಿಗೆ ಈಗ ಕಡ್ಡಾಯ, ಅದಕ್ಕೆ ಆ ಹುಡುಗನದೇ ಹೆಸರು.

ಅಲ್ಲಿಂದ ನಾನು ಎರವಲು ತಂದದ್ದು ಒಂದೇ ವಸ್ತು, ಒಂದು ಹಾಳೆ. ಆಸ್ಪತ್ರೆ ಪಾಸ್‌ಪೋರ್ಟ್ ಎನ್ನುತ್ತಾರೆ ಅವರು. ನಾನು ಗಂಜಿನವನು, ಪಟ್ಟಿ ಎನ್ನುತ್ತೇನೆ. ಮಾಲು ಕೊಟ್ಟ ರೈತನಿಗೆ ಅಡತಿಯವರು ತೂಕ, ದರ, ಖರ್ಚು ಬರೆದು ಕೊಡುತ್ತಾರಲ್ಲ, ಹಾಗೆ. ತಮ್ಮನ ಪಟ್ಟಿಯನ್ನು ನಿಮ್ಮ ಮುಂದೆ ಓದುತ್ತೇನೆ. ನೋವಾದರೆ ಬಲಗೈ ಮುಂಗೈ ಕಚ್ಚಿಕೊಳ್ಳುತ್ತಾನೆ. ಹಸಿವಾದರೆ ಕದ ಬಡಿಯುತ್ತಾನೆ. ಎರಡನ್ನೂ ಕಲಸಬೇಡಿ. ಬಿಳಿ ಕೋಟು ನೋಡಿದರೆ ಹೆದರುತ್ತಾನೆ, ತೆಗೆದಿಟ್ಟು ಬನ್ನಿ. ಹಿಂದಿನಿಂದ ಮುಟ್ಟಬೇಡಿ. ಟ್ರೈಹೆಕ್ಸಿಫೆನಿಡಿಲ್ ಕೊಡಬೇಕಾದರೆ ಮೊದಲು ಹೊಟ್ಟೆ ಮುಟ್ಟಿ ನೋಡಿ. ಮೂರು ದಿನ ಮಲ ಆಗದಿದ್ದರೆ ಅದೇ ಮೊದಲ ಕಾರಣ. ಗೋಣಿಚೀಲದ ತುಂಡು ಕೈಯಲ್ಲಿದ್ದರೆ ಸಮಾಧಾನ, ಕಸಿಯಬೇಡಿ. ಕೊನೆಯ ಸಾಲು: ಸೂಜಿ ಚುಚ್ಚುವಾಗ ಜೋರಾಗಿ ಎಣಿಸಿ, ‘ಲಾಭ’ದಿಂದ ಶುರುಮಾಡಿ.

ಹೋದ ಚಳಿಗಾಲ ಅವನಿಗೆ ಜ್ವರ ಬಂದು ರಕ್ತ ತೆಗೆಸಬೇಕಾಯಿತು. ಪಟ್ಟಿಯನ್ನು ಲ್ಯಾಬಿನ ಹುಡುಗಿಯ ಕೈಗೆ ಕೊಟ್ಟೆ. ಮಂಡ್ಯದ ಕಡೆಯವಳು, ಹೊಸದಾಗಿ ಸೇರಿದವಳು. ಪೂರ್ತಿ ಓದಿದಳು, ಕೋಟು ಬಿಚ್ಚಿ ಕುರ್ಚಿಗೆ ಹಾಕಿದಳು. “ಸರ್, ಲಾಭ ಅಂದ್ರೆ ಏನು, ಅದು ಎಷ್ಟು?” ಎಂದು ಕೇಳಿದಳು. ಒಂದು ಎಂದೆ. ತೋಳಿಗೆ ರಬ್ಬರು ಕಟ್ಟುವಾಗ ಅವನು ತಡೆದ, ಗೋಣಿಯ ತುಂಡು ಹಿಂಡಿದ, ಕೈ ಹಿಂದೆಳೆದ. ಆಕೆ ಸೂಜಿ ಕೆಳಗಿಟ್ಟು, ಮೈಸೂರು ಕಡೆಯ ರಾಗದಲ್ಲಿ “ಲಾಭ” ಅಂದಳು. ತಮ್ಮ ಅವಳ ಮುಖ ನೋಡಿದ. ಉಚ್ಚಾರ ಸರಿ ಇಲ್ಲವೆಂದೋ ಏನೋ, ತಾನೇ ತಿದ್ದಿ ಜೋರಾಗಿ, ಹಮಾಲರ ಧಾಟಿಯಲ್ಲಿ “ಲಾ...ಭ” ಎಂದ, ಕೈ ಮುಂದೆ ಚಾಚಿದ. ಏಳಕ್ಕೆ ಸಿರಿಂಜು ತುಂಬಿತು. ಅವನು ಮಾತ್ರ ಹನ್ನೊಂದರ ತನಕ ಎಣಿಸಿದ, ಆಕೆಯೂ ಜೊತೆಗೆ ಎಣಿಸಿದಳು.